ಲೆಕ್ಕಕ್ಕೆ ಬಾರದ ಐದು ವರ್ಷ

2001ರ ಬೇಸಿಗೆಯಲ್ಲಿ ನಾನು ಮತ್ತು ನನಗೆ ಕೆಲಸ ಕೊಟ್ಟವನ ತಾಯಿ ಒಂದೇ ವಿಮಾನದಿಂದ ಲಾಸ್ ಏಂಜಲಿಸ್‌ನಲ್ಲಿ ಇಳಿದೆವು. ನಾನು ಬೆಂಗಳೂರಿನವಳು, ಕಟ್ಟಡಗಳ ಎಂಜಿನಿಯರ್. ಅಲ್ಲೇ ಹತ್ತಿರದ ವೆಸ್ಟ್ ಕೊವಿನಾದಲ್ಲಿ ಡೋನಟ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಅವನ ಸಣ್ಣ ಕಂಪನಿ ನನಗೆ ಎಚ್-1 ಎಂಬ ಕೆಲಸದ ವೀಸಾ ಮಾಡಿಸಿತ್ತು. ಹಳೆಯ ಕಟ್ಟಡಗಳು ಭೂಕಂಪಕ್ಕೆ ಕುಸಿಯದಂತೆ ಎಲ್ಲೆಲ್ಲಿ ಉಕ್ಕು ಕೂಡಿಸಬೇಕು ಎಂದು ನಕ್ಷೆ ಬರೆಯುವ ಕೆಲಸ. ಹೊರಡುವ ಮೊದಲು ಅವನು ಫೋನ್ ಮಾಡಿ, "ನಮ್ಮ ತಾಯಿ ಒಬ್ಬರೇ ಬರ್ತಿದಾರೆ. ನಿಮಗೂ ಅದೇ ಫ್ಲೈಟ್ ಬುಕ್ ಮಾಡ್ಸಿದೀನಿ, ಕಂಪನಿ ಇರುತ್ತೆ" ಎಂದಿದ್ದ. ಎಷ್ಟು ಕಾಳಜಿ ಎಂದುಕೊಂಡೆ. ಅವನಿಗೆ ಬೇಕಾಗಿದ್ದದ್ದು ತಾಯಿಯ ಚೀಲ ಹೊತ್ತು, ಶೌಚಾಲಯ ತೋರಿಸಿ, ಸಕ್ಕರೆ ಕಾಯಿಲೆಯ ಮಾತ್ರೆ ನೆನಪಿಸುವ ಒಬ್ಬ ಆಳು. ಅದು ತಿಳಿಯಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ಅವನು ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಐದು ವರ್ಷ ಅವನನ್ನು 'ಸರ್' ಎಂದು ಕರೆದೆ, ಹಿಂದೆ ಮಾತಾಡುವಾಗಲೂ 'ಅವರು' ಎಂದೇ ಮಾತಾಡಿದೆ. ಬರೆಯುವಾಗ ಆ ಬಹುವಚನವನ್ನು ವಾಪಸು ತೆಗೆದುಕೊಂಡಿದ್ದೇನೆ. ನಾನು ಅವ್ವ ಎಂದು ಕರೆಯುತ್ತಿದ್ದ ಅವನ ತಾಯಿಗೆ ಮಾತ್ರ ಅದು ಉಳಿದಿದೆ.

ಇಮಿಗ್ರೇಷನ್ ಕೌಂಟರಿನಲ್ಲಿ ನಾವಿಬ್ಬರೂ ಒಟ್ಟಿಗೆ ನಿಂತೆವು. ಮಗ ಅಮೆರಿಕದ ಪ್ರಜೆಯಾದ್ದರಿಂದ ಅವ್ವ ಕಾಯಂ ಆಗಿ ಉಳಿಯಬಹುದಾದ ಗ್ರೀನ್ ಕಾರ್ಡಿನ ಹಕ್ಕಿನೊಂದಿಗೇ ಬಂದಿದ್ದರು. ಅವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ ಅಧಿಕಾರಿ ನಕ್ಕು ಏನೋ ಅಂದ.

"ಏನಂತಾನ ತಂಗಿ?" ಅವ್ವ ಕೇಳಿದರು.

"ಮನೆಗೆ ಸ್ವಾಗತ ಅಂತಿದಾರೆ ಅವ್ವ."

"ಯಾರ ಮನಿಗಿ?"

ನನ್ನ ಸರದಿ ಬಂದಾಗ ಅವನು ನಗಲಿಲ್ಲ. ಎಷ್ಟು ಕಾಲ ಇರುತ್ತೀ, ಯಾವಾಗ ವಾಪಸು ಹೋಗುತ್ತೀ ಎಂದು ಕೇಳಿದ.

ಯಜಮಾನನ ಮನೆ ಪಕ್ಕದ ವಾಲ್‌ನಟ್ ಎಂಬ ಊರಿನ ಗುಡ್ಡದ ಮೇಲಿತ್ತು. ಅವನು ಆ ಕಡೆಯ ಒಂದು ಪುಟ್ಟ ಕನ್ನಡ ಕೂಟದ ಅಧ್ಯಕ್ಷ; ಎಷ್ಟು ವರ್ಷದಿಂದ ಎಂದು ಯಾರಿಗೂ ನೆನಪಿರಲಿಲ್ಲ. ಭಾನುವಾರ ಅವನ ಮನೆಯಲ್ಲಿ ಜನ ಸೇರುತ್ತಿದ್ದರು. ಹೊಸಬರು ಬಂದರೆ ಊರು ಯಾವುದು ಎಂದು ಕೇಳುವ ಮೊದಲೇ "ಏನು ಸ್ಟೇಟಸ್ಸು?" ಎಂದು ಕೇಳುತ್ತಿದ್ದ. ಸಿಟಿಜನ್ ಆದವರಿಗೆ ಊಟದ ಮೇಜು, ಗ್ರೀನ್ ಕಾರ್ಡಿನವರಿಗೆ ಸೋಫಾ. ಎಚ್-1ನವರು ಗ್ಯಾರೇಜಿನಿಂದ ಮಡಚುವ ಕುರ್ಚಿ ಹೊತ್ತು ತಂದು, ಎಲ್ಲರಿಗೂ ಹಾಕಿ, ಕೊನೆಗೆ ತಾವು ನಿಂತೇ ತಿನ್ನಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊರಿನಲ್ಲಿ ಪಂಕ್ತಿಭೇದವನ್ನು ಬೈದು ಬಂದವರೇ ಇಲ್ಲಿ ಅದಕ್ಕೆ ಹೊಸ ಹೆಸರಿಟ್ಟುಕೊಂಡು ಹಾಯಾಗಿದ್ದರು.

ಬಂದ ಮೊದಲ ವರ್ಷವೇ ಒಂದು ಮಧ್ಯಾಹ್ನ ಅವನು ನನ್ನ ಭವಿಷ್ಯವನ್ನು ವಿವರಿಸಿದ.

"ಈ ದೇಶದಲ್ಲಿ ಐದು ವರ್ಷ ಆದ್ರೆ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಬಹುದು. ನಿನ್ನ ಮೀಟರ್ ಬಂದಿಳಿದ ದಿನದಿಂದ್ಲೇ ಓಡ್ತಾ ಇದೆ. ಗ್ರೀನ್ ಕಾರ್ಡ್ ಅನ್ನೋದು ಮಧ್ಯದಲ್ಲಿ ಬರೋ ಒಂದು ಪೇಪರ್ ಅಷ್ಟೇ. ಅದನ್ನ ನಾನು ಮಾಡ್ಸಿಕೊಡ್ತೀನಿ. ನೀನು ತಲೆ ಬಗ್ಗಿಸಿ ಕೆಲಸ ಮಾಡು."

ತಲೆ ಬಗ್ಗಿಸಿ ಕೆಲಸ ಮಾಡಿದೆ. ಆ ಸುತ್ತಿನ ಕನ್ನಡಿಗರಲ್ಲಿ ವಲಸೆಯ ಮಾತು ಎದ್ದರೆ ಎಲ್ಲರ ಬೆರಳೂ ಅವನ ಕಡೆಗೇ ತಿರುಗುತ್ತಿತ್ತು. ಅವನ ಮಾತನ್ನು ಮತ್ತೊಬ್ಬರ ಬಳಿ ಪರೀಕ್ಷಿಸಲು ಹೋದರೆ ಆ ಮತ್ತೊಬ್ಬರೂ ಅವನನ್ನೇ ಕೇಳಿ ಬಂದು ಹೇಳುತ್ತಿದ್ದರು.

2003ರಲ್ಲಿ ಸ್ಯಾನ್ ಡಿಯಾಗೋದ ಒಂದು ದೊಡ್ಡ ಕಂಪನಿ ನನ್ನನ್ನು ಕರೆಯಿತು. ಬಂದರಿನ ಹಡಗುಕಟ್ಟೆಗಳ ವಿನ್ಯಾಸ, ನಾನು ಎಂ.ಟೆಕ್‌ನಲ್ಲಿ ಓದಿದ್ದೂ ಅದನ್ನೇ. ಹೇಳಿದಾಗ ಅವನು ಕುರ್ಚಿಗೆ ಒರಗಿ, ದೊಡ್ಡವರು ಮಕ್ಕಳ ಹಟಕ್ಕೆ ನಗುವ ಹಾಗೆ ನಕ್ಕ.

"ಹೋಗು. ಯಾರು ಬೇಡ ಅಂದ್ರು? ಆದ್ರೆ ಎಂಪ್ಲಾಯರ್ ಚೇಂಜ್ ಮಾಡಿದ್ರೆ ಮೀಟರ್ ಮತ್ತೆ ಸೊನ್ನೆಯಿಂದ. ಎರಡು ವರ್ಷ ನೀರಲ್ಲಿ ಹೋಮ."

ಆ ಕೆಲಸ ಬೇಡವೆಂದು ಬರೆದು ಕಳಿಸಿದೆ. ಹೋಮವಾಗಲು ನನ್ನ ಬಳಿ ಏನೂ ಇರಲಿಲ್ಲವೆಂದು ಆಗ ಗೊತ್ತಿರಲಿಲ್ಲ. ಎದುರಿಗೆ ಕೂತು ನಗುತ್ತಿದ್ದವನಿಗೆ ಗೊತ್ತಿತ್ತು.

ಅವ್ವನ ಪಾಡು ಬೇರೆ ಥರ. ಅವರು ಧಾರವಾಡದವರು. ಅಲ್ಲಿ ಅವರ ಮಗಳು, ಕಿರಿಯ ಮಗ, ಅಕ್ಕ, ಭಜನೆಯ ಗೆಳತಿಯರು ಎಲ್ಲ ಇದ್ದರು. ಹಿರಿಯ ಮಗ ಕರೆಸಿಕೊಂಡದ್ದು ತನ್ನ ಮಕ್ಕಳನ್ನು ಶಾಲೆಯಿಂದ ಬಂದಮೇಲೆ ನೋಡಿಕೊಳ್ಳಲು. ಆ ಮಕ್ಕಳಿಗೆ ಅಜ್ಜಿಯ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವ್ವನೂ ಬಿಡುತ್ತಿರಲಿಲ್ಲ, ಅವರ ಇಂಗ್ಲಿಷಿಗೆ ಇವರ ಧಾರವಾಡ. ಹೀಗೆ ಆ ಮನೆಯಲ್ಲಿ ದಿನವಿಡೀ ಮಾತು ನಡೆಯುತ್ತಿತ್ತು.

ಊರಿಗೆ ಹೋದಾಗಲೆಲ್ಲ ಅವ್ವನಿಗೆ ಅಲ್ಲೇ ಉಳಿಯುವ ಆಸೆ. ಮಗಳ ಬಾಣಂತನಕ್ಕೆಂದು ಹೋದವರು ಇನ್ನೆರಡು ತಿಂಗಳು ಇರುತ್ತೇನೆ ಎಂದಾಗ ಆಫೀಸಿನಿಂದಲೇ ಮಗ ಫೋನಿನಲ್ಲಿ ಕೂಗಾಡಿದ್ದು ನನಗೆ ಕೇಳಿಸಿತ್ತು.

"ಆರ್ ತಿಂಗಳಿಗಿಂತ ಹೆಚ್ಚು ಹೊರಗಿದ್ರ ನಿನ್ನ ಐದ ವರ್ಷದ ಲೆಕ್ಕ ಕೆಡತೈತಿ ಬೇ! ಗ್ರೀನ್ ಕಾರ್ಡ್ ಬಂದ ದಿನದಿಂದ ಸರಿಯಾಗಿ ಐದ ವರ್ಷ ಬೇಕ. ನಡು ಕಡೀಬಾರ್ದು. ನಾಳೆ ಟಿಕೆಟ್ ಕಳಸ್ತೀನಿ, ಬಾ."

ಅದು ಅವ್ವನ ಥರದವರ ನಿಯಮ ಎಂದುಕೊಂಡೆ. ಅವ್ವ ಸಿಟಿಜನ್ ಆದರೆ ಊರಿನಲ್ಲಿರುವ ತಮ್ಮನಿಗೂ ಅರ್ಜಿ ಹಾಕಬಹುದು, ಅಣ್ಣ ಹಾಕುವುದಕ್ಕಿಂತ ಬೇಗ ಆಗುತ್ತದೆ ಎಂಬುದು ಅವನ ಯೋಜನೆ. ತಮ್ಮ ಬಂದರೆ ಕಂಪನಿಗೆ ಇನ್ನೊಂದು ತಲೆ ಸಿಗುತ್ತದೆ, ಬಗ್ಗಿಸಲು.

2005ರ ಕೊನೆಗೆ ಅವ್ವನನ್ನು ಪೌರತ್ವದ ಪರೀಕ್ಷೆಗೆ ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಒಂದು ಉಚಿತ ತರಗತಿ ಇತ್ತು. ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಮಗನಿಗೆ ಶನಿವಾರ ಗಾಲ್ಫ್.

ಅವ್ವ ನಾಲ್ಕನೇ ಇಯತ್ತೆಯವರೆಗೆ ಓದಿದವರು, ಆದರೆ ಬುದ್ಧಿ ಹರಿತ. ಬಾವುಟದ ಪಟ್ಟೆ ಎಷ್ಟು, ನಕ್ಷತ್ರ ಎಷ್ಟು ಎಂಬುದನ್ನು ಸೀರೆಯ ಕುಚ್ಚು ಎಣಿಸುವಷ್ಟು ಸಲೀಸಾಗಿ ಕಲಿತರು. ಇಲ್ಲಿಯ ಅಧ್ಯಕ್ಷನ ಅವಧಿ ನಾಲ್ಕು ವರ್ಷ ಎಂದಾಗ ಪೆನ್ಸಿಲ್ ಕೆಳಗಿಟ್ಟರು.

"ನಾಕ ವರ್ಷಕ್ಕ ಇಳದ ಹೋಗ್ತಾನ?"

"ಇನ್ನೊಂದು ಸಲ ಗೆದ್ರೆ ಎಂಟು. ಅಷ್ಟೇ."

"ನನ್ನ ಮಗಗ ಯಾರೂ ಈ ಸಾಲಿ ಕಲಿಸಿಲ್ಲ ನೋಡ" ಎಂದು ಮತ್ತೆ ಪೆನ್ಸಿಲ್ ಎತ್ತಿಕೊಂಡರು.

ದೇಶಕ್ಕಾಗಿ ಆಯುಧ ಹಿಡಿಯುತ್ತೀರಾ ಎಂಬ ಪ್ರಶ್ನೆಯನ್ನೂ ಕೇಳುತ್ತಾರೆ ಎಂದು ತಿಳಿಸಿದೆ.

"ಯಾರ ಮ್ಯಾಲ?"

"ಅದನ್ನ ಅವರು ಹೇಳಲ್ಲ ಅವ್ವ. ಯೆಸ್ ಅನ್ಬೇಕು."

"ಎಪ್ಪತ್ತರ ಮುದುಕಿ ಕೈಯಾಗ ಬಂದೂಕ ಕೊಡು ಹೊತ್ತು ಬಂದ್ರ ಈ ದೇಶದ ಕತಿ ಮುಗದಂಗ. ಇರ್ಲಿ, ಯೆಸ್ ಅಂತೀನಿ."

ಒಂದು ಶನಿವಾರ ಆ ತರಗತಿಗೆ ವಲಸೆಯ ವಕೀಲೆಯೊಬ್ಬಳು ಬಂದು ಎಲ್ಲರ ಸಂಶಯ ಕೇಳಿದಳು. ಅವ್ವನ ವಿಷಯ ಒಂದೇ ನಿಮಿಷದಲ್ಲಿ ಮುಗಿಯಿತು: ಗ್ರೀನ್ ಕಾರ್ಡ್ 2001ರದು, 2006ರಲ್ಲಿ ಅರ್ಹರು. ಅವಳು ಏಳುವ ಮುಂಚೆ ನಾನೂ ಸಹಜವಾಗಿ ಹೇಳಿದೆ: ನಾವಿಬ್ಬರೂ ಒಂದೇ ದಿನ ಬಂದವರು, ಹಾಗಾದರೆ ನನ್ನ ಐದು ವರ್ಷವೂ ಆಗಲೇ ಮುಗಿಯುವುದಲ್ಲವೇ?

"ಯಾವ ವೀಸಾ?" ಎಂದಳು. ಹೇಳಿದೆ.

"ಆ ವರ್ಷಗಳು ಸೇರುವುದಿಲ್ಲ. ಐದು ವರ್ಷದ ಎಣಿಕೆ ಗ್ರೀನ್ ಕಾರ್ಡ್ ಸಿಕ್ಕ ದಿನದಿಂದ ಶುರು. ತಾತ್ಕಾಲಿಕ ಕೆಲಸಗಾರಳಾಗಿ ಕಳೆದ ಕಾಲ ಪೌರತ್ವದ ಲೆಕ್ಕಕ್ಕೆ ಬರುವುದಿಲ್ಲ."

"ಅರ್ಧವಾದರೂ?"

"ಇಲ್ಲ."

"ತೆರಿಗೆ ಕಟ್ಟಿದ್ದೇನೆ."

"ಎಲ್ಲರೂ ಕಟ್ಟುತ್ತಾರೆ" ಎಂದು, ನನ್ನ ಮುಖ ನೋಡಿ ಮತ್ತೆ ಕೂತಳು. "ಕಂಪನಿ ನಿಮ್ಮ ಗ್ರೀನ್ ಕಾರ್ಡಿನ ಕೆಲಸ ಶುರು ಮಾಡಿದೆಯೆ? ಎಚ್-1ಗೆ ಆರು ವರ್ಷದ ಮಿತಿ. ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹೋಗಿರಬೇಕು. ಇಲ್ಲದಿದ್ದರೆ ದೇಶ ಬಿಡಬೇಕಾಗುತ್ತದೆ."

ನನ್ನ ಪರವಾಗಿ ಒಂದು ದಿನವೂ ಎಣಿಕೆಗೆ ಸಿಗದ ವರ್ಷಗಳು ನನ್ನ ವಿರುದ್ಧ ಮಾತ್ರ ಒಂದೂ ತಪ್ಪದೆ ಎಣಿಕೆಯಾಗುತ್ತಿದ್ದವು. ಇಂಥ ಗಣಿತ ಕಂಡುಹಿಡಿದ ದೇಶಕ್ಕೂ, ಅದನ್ನು ಬಲ್ಲವನಾಗಿಯೂ ನನ್ನಿಂದ ಮುಚ್ಚಿಟ್ಟವನಿಗೂ ಸಮನಾಗಿ ಹಂಚಲು ಸಾಕಾಗುವಷ್ಟು ತಿರಸ್ಕಾರ ಅಂದು ಹುಟ್ಟಿತು. ದೇಶ ಕನಿಷ್ಠ ತನ್ನ ನಿಯಮವನ್ನು ಬಚ್ಚಿಟ್ಟಿರಲಿಲ್ಲ. ಅದಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟೆ.

ವಾಪಸು ಬರುವಾಗ ಕಾರಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು.

"ಅಂವ ಸಣ್ಣಾಂವ ಇದ್ದಾಗೂ ಸುಳ್ಳ ಹೇಳ್ತಿದ್ದ ತಂಗಿ. ಆಗ ಬೆಲ್ಲದ ಸಲುವಾಗಿ ಹೇಳ್ತಿದ್ದ" ಎಂದರು. ಕಾರು ಗುಡ್ಡ ಹತ್ತುವಾಗ, "ನೀ ನನ್ನ ಮಾರಿ ನೋಡಿ ಇಲ್ಲಿ ಕೂಡಬ್ಯಾಡ. ಹೋಗು" ಎಂದರು.

ಸೋಮವಾರ ಅವನ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

"ಸರ್, ನನ್ನ ಗ್ರೀನ್ ಕಾರ್ಡ್ ಅಪ್ಲಿಕೇಶನ್ ಎಲ್ಲಿಗೆ ಬಂತು?"

"ಪ್ರೊಸೆಸ್‌ನಲ್ಲಿದೆ."

"ಫೈಲ್ ಆಗಿದ್ಯಾ?"

"ಲಾಯರ್ ಹತ್ರ ಮಾತಾಡಿದೀನಿ. ಇದೆಲ್ಲಾ ಟೈಮ್ ತಗೊಳ್ಳುತ್ತೆ. ಯಾಕೆ ಗಾಬರಿ? ನೀನು ನನ್ನ ಮಗಳಿದ್ದ ಹಾಗೆ."

"ನಿಮ್ಮ ಮಗಳು ಹುಟ್ಟಿದ ದಿನಾನೇ ಸಿಟಿಜನ್ ಆದ್ಲು ಸರ್. ನನ್ನದು ಇನ್ನೂ ಫೈಲೇ ಆಗಿಲ್ಲ ಅಲ್ವಾ?"

ಅವನು ಕಂಪ್ಯೂಟರಿನ ಮೌಸನ್ನು ಅತ್ತಿತ್ತ ಸರಿಸಿದ.

"ಎಚ್-1 ವರ್ಷಗಳು ಕೌಂಟ್ ಆಗಲ್ಲ ಅಂತ ನಿಮಗೆ ಗೊತ್ತಿತ್ತು. ಅವ್ವನ ವಿಷಯದಲ್ಲಿ ನಿಯಮ ಎಲ್ಲ ನಿಮಗೆ ಬಾಯಿಪಾಠ. ಫೋನಲ್ಲಿ ಕೂಗಿದ್ದು ನನಗೂ ಕೇಳಿಸಿತ್ತು."

"ಎಲ್ರಿಗೂ ಗೊತ್ತಿರೋ ವಿಷಯ ಅದು. ನೀನು ಇಷ್ಟು ಓದಿದವಳು, ನಿನಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು?"

"ಹಾಗಾದ್ರೆ ಮೀಟರ್ ಓಡ್ತಿದೆ ಅಂದಿದ್ದು?"

"ನಿನಗೆ ಒಂದು ಹುರುಪು ಇರ್ಲಿ ಅಂತ ಅಂದಿದ್ದು ಕಣಮ್ಮ. ಒಳ್ಳೇದಕ್ಕೇ."

ಕಳ್ಳ ಸಿಕ್ಕಿಬಿದ್ದಾಗ ಅಳಬೇಕು, ಇಲ್ಲವೇ ಹೆದರಿಸಬೇಕು ಎಂದು ಅಲ್ಲಿಯವರೆಗೆ ಎಣಿಸಿದ್ದೆ. ಇವನು ಉಪಕಾರ ಮಾಡಿದವನ ಮುಖ ಹೊತ್ತು ಕೂತಿದ್ದ. ಆ ಮುಖ ನೋಡಿದ ಮೇಲೆ ಸಿಟ್ಟು ಕೂಡ ದಂಡ ಅನ್ನಿಸಿತು. ಆಚೆ ಬಂದು, ಎರಡು ವರ್ಷದ ಹಿಂದೆ ಬೇಡವೆಂದಿದ್ದ ಸ್ಯಾನ್ ಡಿಯಾಗೋದ ಕಂಪನಿಗೆ ಫೋನ್ ಮಾಡಿದೆ. ಅವರು ನನ್ನನ್ನು ಮರೆತಿರಲಿಲ್ಲ. ಸಂದರ್ಶನಕ್ಕೆ ಹೋದಾಗ ನಾನು ಇಟ್ಟ ಷರತ್ತು ಒಂದೇ: ಸೇರಿದ ಕೂಡಲೇ ಗ್ರೀನ್ ಕಾರ್ಡಿನ ಕೆಲಸ ಶುರುವಾಗಬೇಕು. ಅಲ್ಲಿಯ ಮ್ಯಾನೇಜರು, ಬೋಳು ತಲೆಯ ಮಿತಭಾಷಿ, "ಸರಿ" ಎಂದ. ಮಗಳ ಹಾಗೆ ಎನ್ನಲಿಲ್ಲ. 2006ರ ವಸಂತದಲ್ಲೇ ಅರ್ಜಿ ಹೋಯಿತು.

ನಾನು ಬಿಟ್ಟ ಸುದ್ದಿ ವಾಲ್‌ನಟ್‌ನಲ್ಲಿ ಬೇರೆಯದೇ ರೂಪ ತಾಳಿತ್ತು. ಉಂಡ ಮನೆಗೆ ಎರಡು ಬಗೆದಳಂತೆ. ಕುರ್ಚಿ ಹೊತ್ತ ಮನೆಯಲ್ಲಿ ನಾನು ಉಂಡದ್ದು ಚಿತ್ರಾನ್ನ ಮತ್ತು ಉಪದೇಶ.

ಅವ್ವನ ಸಂದರ್ಶನದ ದಿನ ಬಂದಾಗ ಅದೇ ಮಗ ನನಗೆ ಫೋನ್ ಮಾಡಿದ. ದನಿಯಲ್ಲಿ ಹಳೆಯ ಗತ್ತೇ ಇತ್ತು, ಅಡಿಯಲ್ಲಿ ಸ್ವಲ್ಪ ದೈನ್ಯ.

"ಅವ್ವ ನಿನ್ನ ಬಿಟ್ಟು ಬೇರೆ ಯಾರ ಜೊತೆನೂ ಹೋಗಲ್ಲ ಅಂತಿದಾಳೆ. ನೀನು ಬರೋಕಾಗುತ್ತಾ?"

"ಅವ್ವನಿಗೋಸ್ಕರ ಬರ್ತೀನಿ" ಎಂದೆ. "ನಿಮಗೋಸ್ಕರ ಅಲ್ಲ" ಎಂಬುದನ್ನೂ ಸೇರಿಸಿದೆ, ಮತ್ತೆ ಗೊಂದಲವಾಗದಿರಲಿ ಎಂದು.

ಸ್ಯಾನ್ ಡಿಯಾಗೋದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಗಡಿ ಪೊಲೀಸರು ಕಾರು ನಿಲ್ಲಿಸಿ ನೋಡುವ ಜಾಗವೊಂದಿದೆ. ಆ ಬೆಳಿಗ್ಗೆ ನನ್ನನ್ನು ನಿಲ್ಲಿಸಿದರು. "ಸಿಟಿಜನ್ನಾ?" ಅಲ್ಲ ಎಂದೆ. ಪೊಲೀಸಿನವ ಪಾಸ್‌ಪೋರ್ಟು, ವೀಸಾದ ಕಾಗದ ಎಲ್ಲ ತಿರುವಿ ಹಾಕಿ, ಎಲ್ಲಿಗೆ ಎಂದು ಕೇಳಿದ. ಒಬ್ಬರನ್ನು ಸಿಟಿಜನ್ ಮಾಡಿಸಲು ಎಂದೆ. ಅವನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಲಾಸ್ ಏಂಜಲಿಸ್‌ನ ಕಚೇರಿಯಲ್ಲಿ ಅವ್ವ ಒಬ್ಬರೇ ಒಳಗೆ ಹೋದರು. ನಾನು ಹೊರಗೆ, ಮದುವೆಗೆ ಬಂದವರಂತೆ ಸಿಂಗರಿಸಿಕೊಂಡ ಜನರ ನಡುವೆ ಕೂತೆ. ಅವರು ಹೊರಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಎಲ್ಲಾ ಹೇಳಿದೆ. ಬರದೂ ಕೊಟ್ಟೆ. ಕಡೀಕ ಆ ಸಾಹೇಬ ಸಿಟಿಜನ್ ಆಗೂದು ಯಾಕ ಅಂತ ಕೇಳಿದ. 'ಐ ವಾಂಟ್ ಗೋ ಹೋಮ್' ಅಂದೆ."

"ಅಯ್ಯೋ ಅವ್ವ! ಹಾಗನ್ನಬಾರದಿತ್ತು!"

"ಅಂವ ನಕ್ಕ. ಈಗ್ಲೂ ಹೋಗಬಹುದಲ್ಲ ಅಂದ. 'ಮೈ ಸನ್ ಸ್ಟಾಪ್' ಅಂದೆ. ಅದಕ್ಕೂ ನಕ್ಕ. ಪಾಸಂತ."

ಅವರ ಲೆಕ್ಕ ನನಗೆ ಆಗ ಹೊಳೆಯಿತು. ಗ್ರೀನ್ ಕಾರ್ಡು ಇರುವವರೆಗೆ ಮಗ ಕಾನೂನು ತೋರಿಸಿ ಎಳೆದು ತರುತ್ತಿದ್ದ. ಸಿಟಿಜನ್ ಆದಮೇಲೆ ಎಷ್ಟು ವರ್ಷ ಹೊರಗಿದ್ದರೂ ಯಾವ ಎಣಿಕೆಯೂ ಕೆಡುವುದಿಲ್ಲ. ಧಾರವಾಡದಲ್ಲಿ ನೆಮ್ಮದಿಯಾಗಿ ಇರುವುದಕ್ಕಾಗಿ ಅವರು ಅಮೆರಿಕದವರಾಗುತ್ತಿದ್ದರು.

ಸಾವಿರಾರು ಜನ ಸೇರಿದ್ದ ಸಭಾಂಗಣದಲ್ಲಿ ಪ್ರಮಾಣವಚನ ನಡೆಯಿತು. ಅವ್ವ ಕರೆದಿದ್ದರಿಂದ ನಾನೂ ಹೋಗಿದ್ದೆ. ಅಂದು ಮಗ ತಪ್ಪದೆ ಬಂದಿದ್ದ, ಕ್ಯಾಮೆರಾ ಸಮೇತ. ಅವ್ವ ಬಲಗೈ ಎತ್ತಿ ಅರ್ಥವಾಗದ ಮಾತುಗಳನ್ನು ಗುಣುಗುಣಿಸಿ, ಪುಟ್ಟ ಬಾವುಟ ಹಿಡಿದು ಹೊರಗೆ ಬಂದರು. ಅವನು ಅಲ್ಲೇ, ಪಾರ್ಕಿಂಗ್ ಜಾಗದಲ್ಲೇ ಶುರು ಮಾಡಿದ.

"ಇನ್ನ ತಮ್ಮನ ಅರ್ಜಿಗೆ ಸಹಿ ಮಾಡು ಬೇ. ಮುಂದಿನ ವಾರ ಹಾಕೂಣು."

"ಒಲ್ಲೆ" ಎಂದರು ಅವ್ವ.

"ಒಲ್ಲೆ ಅಂದ್ರ?"

"ಅಂವ ಅಲ್ಲಿ ಚೊಲೊ ಅದಾನ. ಇಲ್ಲಿ ಬಂದ್ರ ನಿನ್ನ ಕೈಯಾಗ ದುಡೀಬೇಕಾಗತೈತಿ. ಈ ಹುಡುಗಿ ದುಡದದ್ದ ಸಾಕು." ಬಾವುಟವನ್ನು ನನ್ನ ಕೈಗಿತ್ತು ಕಾರಿನ ಬಾಗಿಲು ತೆಗೆದರು. "ನನಗ ಟಿಕೆಟ್ ಮಾಡಸು. ತಿರುಗಿ ಬರೂದಲ್ಲ, ಹೋಗೂದಷ್ಟ."

ಸುತ್ತಲೂ ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಿಂತಿದ್ದ. ಐದು ವರ್ಷ ಜೋಪಾನ ಮಾಡಿ ಬೆಳೆಸಿದ ಲೆಕ್ಕ ಕೈ ಕೊಟ್ಟಾಗ ಮನುಷ್ಯ ಹೇಗೆ ಕಾಣುತ್ತಾನೆ ಎಂದು ಪುಕ್ಕಟೆ ನೋಡಿದೆ. ಕನಿಕರ ಬರಬಹುದೇನೋ ಎಂದು ಕಾದೆ, ಬರಲಿಲ್ಲ. ಅವ್ವನ ಅಮೆರಿಕದ ಪಾಸ್‌ಪೋರ್ಟಿಗೆ ಭಾರತದ ವೀಸಾ ಬೇಕಾಯಿತು. ನಮ್ಮೂರಿಗೆ ಹೋಗಲು ಯಾರನ್ನೋ ಕೇಳಬೇಕೇ ಎಂದು ಅವರು ಎರಡು ದಿನ ಊಟ ಬಿಟ್ಟರಂತೆ. ಮಗನೇ ಓಡಾಡಿ ಮಾಡಿಸಿದ. ಮುಂದಿನ ಯುಗಾದಿಗೆ ಅವರು ಧಾರವಾಡದಲ್ಲಿದ್ದರು.

ನನ್ನ ಸರದಿ ಇನ್ನೂ ದೂರವಿತ್ತು. 2007ರ ಬೇಸಿಗೆಯಲ್ಲಿ, ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರ ಸಾಲು ಇದ್ದಕ್ಕಿದ್ದಂತೆ ತೆರೆದುಕೊಂಡಾಗ, ಕೊನೆಯ ಹಂತದ ಅರ್ಜಿ ಹಾಕಿದೆ. ಆ ನಡುವೆ ನ್ಯಾಯಾಲಯದಿಂದ ಜ್ಯೂರಿ ಕೆಲಸಕ್ಕೆ ಬಾ ಎಂದು ಕರೆ ಬಂತು. ನಾನು ಇಲ್ಲಿಯ ಪ್ರಜೆಯಲ್ಲ ಎಂದು ಬರೆದು ಸಹಿ ಮಾಡಿ ಕಳಿಸಿದೆ. ನನ್ನನ್ನು ಬೇಡವೆನ್ನುವುದರಲ್ಲಿ ಇಷ್ಟು ಶಿಸ್ತಿರುವ ದೇಶ ಬೇಕೆನ್ನುವಾಗ ಇಷ್ಟು ಮರೆಗುಳಿಯಾಗುವುದು ಹೇಗೋ. 2008ರ ಬೇಸಿಗೆಯ ಕೊನೆಗೆ ಗ್ರೀನ್ ಕಾರ್ಡು ಅಂಚೆಯಲ್ಲಿ ಬಂತು. ಪಿಜ್ಜಾ ಜಾಹೀರಾತುಗಳ ನಡುವೆ ಇತ್ತು. ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲೇ ನಿಂತೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಏಳು ವರ್ಷ ಇದ್ದ ದೇಶಕ್ಕೆ ಇವತ್ತು ಬಂದಿಳಿದೆ ಎಂದು ಸರ್ಕಾರ ಹೇಳುತ್ತಿತ್ತು. ಇಂದಿನಿಂದ ಒಂದು.

ಆ ವರ್ಷದ ಗಣೇಶನ ಹಬ್ಬಕ್ಕೆ ಗೆಳತಿಯೊಬ್ಬಳು ಒತ್ತಾಯ ಮಾಡಿ ವಾಲ್‌ನಟ್ ಕಡೆಯ ಕೂಟಕ್ಕೆ ಕರೆದೊಯ್ದಳು. ಅಧ್ಯಕ್ಷ ಅವನೇ. ಜರಿಯಂಚಿನ ಶಲ್ಯ ಹೊದ್ದು, ಹೊಸದಾಗಿ ಬಂದ ಗಂಡಹೆಂಡಿರ ಎದುರು ಭಾಷಣ ಮಾಡುತ್ತಿದ್ದ. ಗಂಡ ಅವನ ಕಂಪನಿಯ ಹೊಸ ಎಂಜಿನಿಯರ್. ನನ್ನ ಗ್ರೀನ್ ಕಾರ್ಡಿನ ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು; ನನ್ನನ್ನು ಕಂಡವನೇ ಕೈ ಬೀಸಿ ಕರೆದ. ನಾಚಿಕೆಯೆಂಬುದು ಅವನ ಮನೆಯ ಬಾಡಿಗೆದಾರನೂ ಆಗಿರಲಿಲ್ಲ.

"ನೋಡಿ, ಇವಳೂ ನನ್ನ ಹತ್ರಾನೇ ಬೆಳೆದವಳು. ನನ್ನಲ್ಲಿ ಐದು ವರ್ಷ ಇದ್ಲು, ಇವತ್ತು ಗ್ರೀನ್ ಕಾರ್ಡ್. ಸ್ವಲ್ಪ ತಾಳ್ಮೆ ಇದ್ರೆ ಆಯ್ತು, ನಿಮ್ಮ ಮೀಟರೂ ಓಡ್ತಾ ಇದೆ."

"ಓಡ್ತಿಲ್ಲ" ಎಂದೆ. ಪ್ರಸಾದದ ಸಾಲಿನಲ್ಲಿದ್ದವರು ತಿರುಗಿ ನೋಡಿದರು. "ಇವರ ಹತ್ರ ಕಳೆದ ಐದು ವರ್ಷದಲ್ಲಿ ಒಂದು ದಿನವೂ ನನ್ನ ಲೆಕ್ಕಕ್ಕೆ ಬರಲಿಲ್ಲ. ಎಚ್-1 ಕಾಲ ಸಿಟಿಜನ್‌ಶಿಪ್‌ಗೆ ಸೇರಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಐದು ವರ್ಷ. ಇವರು ನನಗೆ ಅರ್ಜಿಯನ್ನೇ ಹಾಕಿರಲಿಲ್ಲ."

"ತಮಾಷೆ ಮಾಡ್ತಾಳೆ" ಎಂದು ಅವನು ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಹೆಂಡತಿ, ಮೂಗುಬೊಟ್ಟಿನ ಎಳೆಯ ಹುಡುಗಿ, ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಅಂಕಲ್, ಹಾಗಾದ್ರೆ ನಮ್ಮ ಅರ್ಜಿ ಯಾವತ್ತು ಹಾಕ್ತೀರಾ?" ಎಂದು ನೇರವಾಗಿ ಕೇಳಿದಳು.

"ಮಾಡೋಣಮ್ಮ, ಟೈಮ್ ಇದೆ."

"ಯಾವತ್ತು ಅಂಕಲ್?"

ಅವನು ಮೈಕ್ ಸರಿ ಇದೆಯೇ ಎಂದು ನೋಡಲು ಹೋದ. ಆ ಹುಡುಗಿಗೆ ನನ್ನ ನಂಬರ್ ಕೊಟ್ಟೆ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಅವಳು ಪ್ರತಿ ಭಾನುವಾರ ಅವನ ಮನೆಗೆ ಹೋಗಿ, ಸಿಟಿಜನ್‌ಗಳೆಲ್ಲ ಊಟದ ಮೇಜಿಗೆ ಕೂತ ಹೊತ್ತಿಗೆ ಸರಿಯಾಗಿ, ಬಲು ವಿನಯದಿಂದ ಅದೇ ಪ್ರಶ್ನೆ ಕೇಳುತ್ತಿದ್ದಳಂತೆ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅವರ ಅರ್ಜಿಯ ಕೆಲಸ ವಕೀಲರ ಕೈಗೆ ಹೋಯಿತು. ಯಜಮಾನನೇನೂ ಒಳ್ಳೆಯವನಾಗಿ ಬದಲಾಗಿರಲಿಲ್ಲ, ಉಣ್ಣುವಾಗ ಕಿರಿಕಿರಿ ಬೇಡವಾಗಿತ್ತು, ಅಷ್ಟೇ.